ಗುಂಡಿ ಒತ್ತಿದರೆ ಕುದುರೆ ಹುಟ್ಟುವುದಿಲ್ಲ ಸ್ವಾಮಿ!

ನಮ್ಮ ಬ್ಲಾಗಿಗರ ಬಳಗದಲ್ಲಿ ಕವಿತೆ, ಹರಟೆ, ಸಿನೆಮಾ, ಅಮ್ಮ ಮಾಡಿದ ಹಲಸಿನ ಹಪ್ಪಳ... ಎಲ್ಲದರ ಬಗ್ಗೆಯೂ ಬರೆಯುವವರಿದ್ದಾರೆ. ಕಾರಿನ ಬಗ್ಗೆ ಜಗಳ ತೆಗೆಯುವವರು ಮಾತ್ರ ಕಮ್ಮಿ. ಆ ಕೊರತೆಯನ್ನು ಇವತ್ತು ನಾನು ತುಂಬುತ್ತೇನೆ :-) ಜಗಳ ಯಾರ ಜೊತೆ ಅಂದರೆ, ಆಟೋಮ್ಯಾಟಿಕ್ ಕಾರಿನ ಗೇರ್ ಲಿವರ್ ಪಕ್ಕ ಕೂತಿರುವ ಒಂದು ಗುಂಡಿಯ ಜೊತೆ. ಅದರ ಮೇಲೆ 'ಸ್ಪೋರ್ಟ್' ಅಂತ ಬರೆದಿರುತ್ತದೆ. ಕೆಲವು ಕಾರಲ್ಲಿ ಗುಂಡಿಯ ಬದಲು ಲಿವರನ್ನೇ 'ಡಿ'ಯಿಂದ 'ಎಸ್'ಗೆ ಎಳೆಯಬೇಕು. ಕನ್ನಡದಲ್ಲಿ ಗುಂಡಿ ಅಂದರೆ ಬಟನ್ನೂ ಹೌದು, ಬೀಳುವ ಹೊಂಡವೂ ಹೌದು. ಈ ಗುಂಡಿಗೆ ಎರಡು ಅರ್ಥವೂ ಸರಿಹೊಂದುತ್ತದೆ.

ನನ್ನ ತಕರಾರು ಇಷ್ಟೇ. ಈ ಗುಂಡಿಯನ್ನು ನಮಗೆ 'ಶಕ್ತಿ' ಅಂತ ಮಾರುತ್ತಿದ್ದಾರೆ. ಅದು ಶಕ್ತಿ ಅಲ್ಲ, ಸಿದ್ಧತೆ. ಶಕ್ತಿ ಅಂದುಕೊಂಡು ಒತ್ತಿದವನು ಅಪಾಯಕ್ಕೆ ಹೋಗುತ್ತಾನೆ, ಸಿದ್ಧತೆ ಅಂತ ತಿಳಿದು ಒತ್ತಿದವನು ಅಪಾಯದಿಂದ ಪಾರಾಗುತ್ತಾನೆ. ಒಂದೇ ಗುಂಡಿ, ಎರಡು ಫಲ. ಈ ವ್ಯತ್ಯಾಸವನ್ನು ನಮಗೆ ಯಾರೂ ಹೇಳಿಕೊಡುತ್ತಿಲ್ಲ ಅನ್ನುವುದೇ ನನ್ನ ಸಿಟ್ಟು.

ಶೋರೂಮಿನ ಮಾತು ಹೇಗಿರುತ್ತದೆ ಕೇಳಿ. ಕಳೆದ ವರ್ಷ ನಮ್ಮ ಭಾವನಿಗೆ ಕಾರು ನೋಡಲು ಹೋಗಿದ್ದೆವು. ಯಾವ ಶೋರೂಮು ಅನ್ನುವುದು ಬೇಡ, ಎಲ್ಲ ಕಡೆಯೂ ಇದೇ ಮಂತ್ರ. ಹುಡುಗ ಟೆಸ್ಟ್ ಡ್ರೈವಿನಲ್ಲಿ ಪಕ್ಕದ ಸೀಟಲ್ಲಿ ಕೂತು ಗುಂಡಿ ಒತ್ತಿ, "ಸರ್, ಈಗ ನೋಡಿ ಸರ್, ಪವರ್ ಡಬಲ್ ಆಯ್ತು" ಅಂದ. ಭಾವ ಆಕ್ಸಿಲರೇಟರ್ ಮುಟ್ಟಿದ್ದೇ ತಡ, ಕಾರು ಹಾರಿತು. "ಹೌದಲ್ಲ ಮಾರಾಯ!" ಅಂತ ನನ್ನ ಕಡೆ ತಿರುಗಿದರು. ನಾನು ಹಿಂದಿನ ಸೀಟಿನಿಂದ, "ಭಾವ, ಈಗ ಡಿ ಮೋಡಿಗೆ ಹಾಕಿ ಪೆಡಲನ್ನು ತಳ ಮುಟ್ಟುವ ಹಾಗೆ ಒತ್ತಿ ನೋಡಿ" ಅಂದೆ. ಒತ್ತಿದರು. ಒಂದು ಕ್ಷಣ ಯೋಚಿಸಿ ಗೇರ್ ಇಳಿಸಿಕೊಂಡ ಕಾರು ಅಷ್ಟೇ ಜೋರಾಗಿ ಓಡಿತು. ಹುಡುಗನ ಮುಖ ಸಪ್ಪಗಾಯಿತು. ಪಾಪ, ಅವನ ತಪ್ಪಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ.

ಹಾಗಾದರೆ ಆಗುವುದೇನು? ಸ್ವಲ್ಪ ಬಾನೆಟ್ ಎತ್ತಿ ನೋಡೋಣ.

ಮೊದಲಿಗೆ ಪೆಡಲು. ಹಳೇ ಕಾರಿನಲ್ಲಿ ಆಕ್ಸಿಲರೇಟರಿನಿಂದ ಎಂಜಿನ್ನಿಗೆ ಒಂದು ಕೇಬಲ್ ಹೋಗುತ್ತಿತ್ತು. ನೀವು ಎಷ್ಟು ಒತ್ತಿದಿರೋ ಥ್ರಾಟಲ್ ಅಷ್ಟು ತೆರೆಯುತ್ತಿತ್ತು. ಈಗಿನ ಕಾರಿನಲ್ಲಿ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿ ಒಂದು ಸೆನ್ಸರ್ ಇದೆ. "ಯಜಮಾನರು ಇಷ್ಟು ಒತ್ತಿದ್ದಾರೆ" ಅಂತ ಅದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಥ್ರಾಟಲ್ ಎಷ್ಟು ತೆರೆಯಬೇಕು ಅನ್ನುವುದನ್ನು ಕಂಪ್ಯೂಟರ್ ತನ್ನ ಕೋಷ್ಟಕ ನೋಡಿ ತೀರ್ಮಾನಿಸುತ್ತದೆ. ಸ್ಪೋರ್ಟ್ ಮೋಡ್ ಆ ಕೋಷ್ಟಕವನ್ನು ಬದಲಿಸುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಡಿ ಮೋಡಿನಲ್ಲಿ ಕಾಲು ಭಾಗ ಒತ್ತಿದರೆ ಕಾಲು ಭಾಗದ ಎಳೆತ ಬರುತ್ತಿದ್ದರೆ, ಸ್ಪೋರ್ಟಿನಲ್ಲಿ ಅದೇ ಒತ್ತಿಗೆ ಅರ್ಧ ಭಾಗ ಬರಬಹುದು. ಆದರೆ ಪೂರ್ತಿ ಒತ್ತಿದಾಗ? ಎರಡರಲ್ಲೂ ನೂರಕ್ಕೆ ನೂರೇ. ನೂರಾಹತ್ತು ಎಲ್ಲಿಂದ ಬರಬೇಕು? ನಲ್ಲಿಯ ತಿರುಪನ್ನು ಸಡಿಲ ಮಾಡಿದರೆ ಬೇಗ ನೀರು ಬರುತ್ತದೆ ನಿಜ. ಹಾಗಂತ ಟ್ಯಾಂಕ್ ದೊಡ್ಡದಾಗುವುದಿಲ್ಲವಲ್ಲ.

ಎರಡನೆಯದು ಗೇರು. ಸ್ಪೋರ್ಟ್ ಮೋಡಿನ ನಿಜವಾದ ಕೆಲಸ ಇರುವುದು ಇಲ್ಲಿ. ಡಿ ಮೋಡ್ ಒಬ್ಬ ಜಿಪುಣ ಗುಮಾಸ್ತ. ಎಂಜಿನ್ ಸುತ್ತು ಸ್ವಲ್ಪ ಏರಿದರೆ ಸಾಕು, ಮೇಲಿನ ಗೇರಿಗೆ ತಳ್ಳಿ ಪೆಟ್ರೋಲ್ ಉಳಿಸುತ್ತಾನೆ. ಸ್ಪೋರ್ಟ್ ಮೋಡ್ ಕೆಳಗಿನ ಗೇರನ್ನೇ ಹಿಡಿದುಕೊಂಡಿರುತ್ತದೆ. ಇದರಿಂದ ಏನು ಲಾಭ ಅಂತ ಒಂದು ಲೆಕ್ಕ ಮಾಡೋಣ. ಎಂಜಿನ್ನಿನ ಟಾರ್ಕ್ 110 ಎನ್‌ಎಂ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 2000 ಸುತ್ತಿನಲ್ಲಿ ಅದು ಕೊಡಬಲ್ಲ ಶಕ್ತಿ ಸುಮಾರು 31 ಪಿಎಸ್. ಅದೇ ಟಾರ್ಕ್ 4000 ಸುತ್ತಿನಲ್ಲಿದ್ದರೆ ಸುಮಾರು 62 ಪಿಎಸ್. ಟಾರ್ಕನ್ನು ಸುತ್ತಿನಿಂದ ಗುಣಿಸಿದರೆ ಬರುವುದೇ ಶಕ್ತಿ, ಇದು ಹೈಸ್ಕೂಲಿನ ಭೌತಶಾಸ್ತ್ರ. 'ಪವರ್ ಡಬಲ್' ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ಆ 62 ಪಿಎಸ್ಸು ಹೊಸದಾಗಿ ಬಂದದ್ದಲ್ಲ. ಅದು ಮೊದಲಿನಿಂದಲೂ ನಿಮ್ಮ ಎಂಜಿನ್ನಿನಲ್ಲೇ ಇತ್ತು. ನೀವು ದುಡ್ಡು ಕೊಟ್ಟು ತಂದದ್ದೇ. ಡಿ ಮೋಡಿನ ಗುಮಾಸ್ತ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ, ಅಷ್ಟೇ. ಪೆಡಲನ್ನು ತಳ ಮುಟ್ಟಿಸಿದರೆ ಆ ಬೀಗ ಡಿ ಮೋಡಿನಲ್ಲೂ ತೆರೆಯುತ್ತದೆ, ಸ್ವಲ್ಪ ತಡವಾಗಿ. ಅದಕ್ಕೆ ಕಿಕ್‌ಡೌನ್ ಅನ್ನುತ್ತಾರೆ.

ಈ ಗುಮಾಸ್ತನಿಗೆ ಜಿಪುಣತನ ಕಲಿಸಿದವರು ಯಾರು? ಮೈಲೇಜ್ ಪರೀಕ್ಷೆ. ನಮ್ಮ ದೇಶದಲ್ಲಿ ಕಾರಿನ ಮೈಲೇಜನ್ನು ಅಳೆದದ್ದು ರಸ್ತೆಯ ಮೇಲಲ್ಲ, ಪ್ರಯೋಗಾಲಯದ ಉರುಳೆಗಳ ಮೇಲೆ. ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ ಅಂತ ಅದಕ್ಕೊಂದು ಕ್ರಮ ಮಾಡಿದ್ದರು. ಅದರಲ್ಲಿ ಅತಿ ಹೆಚ್ಚಿನ ವೇಗ ಗಂಟೆಗೆ 90 ಕಿ.ಮೀ., ವೇಗ ಏರುವುದು ಎತ್ತಿನಗಾಡಿಯ ಸಮಾಧಾನದಲ್ಲಿ. ಆ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆಯುವ ಹಾಗೆ ಮಾಮೂಲಿ ಮೋಡನ್ನು ತಿದ್ದಿ ತೀಡಿದರೆ, ಜಾಹೀರಾತಿನಲ್ಲಿ ಲೀಟರಿಗೆ ಇಷ್ಟು ಕಿಲೋಮೀಟರು ಅಂತ ದೊಡ್ಡದಾಗಿ ಹಾಕಬಹುದು. ಆಮೇಲೆ ಆ ಮಂದಗತಿಯಿಂದ ಬೇಸತ್ತ ಗಿರಾಕಿಗೆ, "ತಗೊಳ್ಳಿ, ಸ್ಪೋರ್ಟ್ ಗುಂಡಿ" ಅಂತ ಇನ್ನೊಂದು ಕೈಯಿಂದ ಕೊಡುವುದು. ನಮ್ಮ ಅನ್ನವನ್ನೇ ಅರ್ಧ ಬಡಿಸಿ, ಉಳಿದರ್ಧವನ್ನು ಪಾಯಸದ ಬಟ್ಟಲಲ್ಲಿ ತಂದಿಟ್ಟ ಹಾಗೆ!

ಮೂರನೆಯದು ಸ್ಟೀರಿಂಗು. ಸ್ಪೋರ್ಟ್ ಒತ್ತಿದರೆ ಕೆಲವು ಕಾರುಗಳ ಸ್ಟೀರಿಂಗ್ ಭಾರವಾಗುತ್ತದೆ. "ಆಹಾ, ಎಂಥಾ ಹಿಡಿತ" ಅಂತ ಅನ್ನಿಸುತ್ತದೆ. ಈಗಿನ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸಲು ಒಂದು ವಿದ್ಯುತ್ ಮೋಟರು ನಮಗೆ ಸಹಾಯ ಮಾಡುತ್ತದೆ. ಸ್ಪೋರ್ಟಿನಲ್ಲಿ ಆ ಮೋಟರು ಸಹಾಯ ಕಡಿಮೆ ಮಾಡುತ್ತದೆ. ಅಷ್ಟರಿಂದ ಟಯರು ರಸ್ತೆಯನ್ನು ಎಷ್ಟು ಕಚ್ಚಿ ಹಿಡಿದಿದೆ ಅನ್ನುವ ಸುದ್ದಿ ಕೈಗೆ ಒಂದಿಷ್ಟೂ ಹೆಚ್ಚಾಗಿ ಬರುವುದಿಲ್ಲ. ಭಾರ ಬೇರೆ, ಸ್ಪರ್ಶ ಬೇರೆ. ಕಿವಿ ಕೇಳದವನಿಗೆ ಜೋರಾಗಿ ಕೈಕುಲುಕಿದರೆ ಮಾತು ಕೇಳಿಸುತ್ತದೆಯೇ?

ನಾಲ್ಕನೆಯದು ಶಬ್ದ. ಇದಂತೂ ದೊಡ್ಡ ನಾಟಕ. ಬಿಎಂಡಬ್ಲ್ಯು ಕಂಪನಿಯ 2011ರ ಎಂ5 ಕಾರಿನಲ್ಲಿ ಎಂಜಿನ್ನಿನ ಶಬ್ದವನ್ನು ಒಳಗಿನ ಸ್ಪೀಕರುಗಳಿಂದಲೂ ಕೇಳಿಸುವ ಏರ್ಪಾಡಿತ್ತು. ಅಷ್ಟು ದೊಡ್ಡ ಎಂಜಿನ್ ಇದ್ದ ಕಾರಿಗೇ ಹಿನ್ನೆಲೆ ಗಾಯನ ಬೇಕಾಯಿತು! ಹ್ಯುಂಡೈ ಕಂಪನಿ 2023ರಲ್ಲಿ ಅನಾವರಣ ಮಾಡಿದ ಅಯಾನಿಕ್ 5 ಎನ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ವಿದ್ಯುತ್ ಕಾರು, ಬದಲಿಸಲು ಗೇರುಗಳೇ ಇಲ್ಲ. ಆದರೂ ಎಂಟು ಗೇರಿನ ಕಾರಿನ ಹಾಗೆ ಗೇರ್ ಬದಲಾದಂತೆ ಕುಲುಕುವ, ಅದಕ್ಕೆ ತಕ್ಕ ಸದ್ದು ಮಾಡುವ ವ್ಯವಸ್ಥೆ ಇಟ್ಟಿದ್ದಾರೆ. ಅದನ್ನು ಓಡಿಸಿದವರು ಖುಷಿಪಟ್ಟರೆ ನನ್ನದೇನೂ ಅಡ್ಡಿಯಿಲ್ಲ. ಅಲ್ಲಿ ಕಂಪನಿಯವರೇ "ಇದು ಅನುಕರಣೆ" ಅಂತ ಹೇಳಿ ಮಾರುತ್ತಾರೆ. ನಮ್ಮಲ್ಲಿ ಅನುಕರಣೆಯನ್ನೇ ಅಸಲಿ ಅಂತ ಮಾರುವುದಕ್ಕೆ ನನ್ನ ಆಕ್ಷೇಪ.

ಇನ್ನು ಬದಲಾಗದೇ ಇರುವುದು ಯಾವುದು ಅಂತ ಕೇಳಿ. ಅದೇ ಮುಖ್ಯ. ಟಯರು ಅದೇ. ಬ್ರೇಕು ಅದೇ. ದುಬಾರಿ ಕಾರುಗಳಲ್ಲಿ ಗುಂಡಿ ಒತ್ತಿದರೆ ಗಟ್ಟಿಯಾಗುವ ಶಾಕ್ ಅಬ್ಸಾರ್ಬರುಗಳು ಇರುತ್ತವೆ. ನಾವು ನೀವು ಸಾಲ ಮಾಡಿ ಕೊಳ್ಳುವ ಕಾರುಗಳಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಕಾರು ಬೇಗ ಓಡುವ ಹಾಗೆ ಅನ್ನಿಸುತ್ತದೆ, ಬೇಗ ನಿಲ್ಲುವುದಿಲ್ಲ. ವೇಗ 60ರಿಂದ 80ಕ್ಕೆ ಏರಿದರೆ ಹೆಚ್ಚಾದದ್ದು ಮೂರನೇ ಒಂದು ಪಾಲು. ಆದರೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗಿರುತ್ತದೆ. ಇದನ್ನು ಯಾವ ಗುಂಡಿಯೂ ಬದಲಿಸುವುದಿಲ್ಲ.

ಸ್ಪೋರ್ಟ್ ಅನ್ನುವ ಹೆಸರು ಎಲ್ಲಿಯವರೆಗೆ ಇಳಿದಿತ್ತು ಗೊತ್ತೇ? 2015ರಲ್ಲಿ ಟಾಟಾದವರು ನ್ಯಾನೋ ಕಾರಿಗೆ ಆಟೋಮ್ಯಾಟಿಕ್ ಗೇರು ಕೊಟ್ಟರು. ಎರಡು ಸಿಲಿಂಡರಿನ 624 ಸಿಸಿ ಎಂಜಿನ್, 38 ಪಿಎಸ್ ಶಕ್ತಿ. ಅದಕ್ಕೂ ಒಂದು ಸ್ಪೋರ್ಟ್ ಮೋಡ್ ಇತ್ತು! ನಗಬೇಡಿ. ನ್ಯಾನೋವನ್ನು ಹಾಸ್ಯ ಮಾಡುವುದು ನನ್ನ ಉದ್ದೇಶವಲ್ಲ. ನನ್ನ ಪ್ರಕಾರ ಎಲ್ಲರಿಗಿಂತ ಹೆಚ್ಚು ಆ ಗುಂಡಿ ಬೇಕಾಗಿದ್ದದ್ದು ಆ ಪುಟ್ಟ ಕಾರಿಗೇ. ಶಕ್ತಿ ಕಡಿಮೆ ಇರುವವನಿಗೇ ಗೇರು ಹಿಡಿದಿಟ್ಟುಕೊಳ್ಳುವ ಅಗತ್ಯ ಹೆಚ್ಚು, ಏರು ಹತ್ತಲು. ಆದರೆ ಅದಕ್ಕೆ 'ಏರು' ಅಂತಲೋ 'ಘಾಟಿ' ಅಂತಲೋ ಹೆಸರಿಡದೆ 'ಸ್ಪೋರ್ಟ್' ಅಂತ ಯಾಕಿಟ್ಟರು? ಮೂವತ್ತೆಂಟು ಪಿಎಸ್ಸಿನಲ್ಲಿ ಯಾವ ಕ್ರೀಡೆ ಸ್ವಾಮಿ?

ನಮ್ಮ ಆಟೋಮ್ಯಾಟಿಕ್ಕುಗಳಲ್ಲಿ ಬೇರೆ ಬೇರೆ ಜಾತಿಗಳಿವೆ, ಸ್ಪೋರ್ಟ್ ಮೋಡ್ ಒಂದೊಂದರಲ್ಲಿ ಒಂದೊಂದು ಥರ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದು ಜನಪ್ರಿಯವಾದ ಎಎಂಟಿ ಅಂದರೆ ಒಳಗೆ ಇರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಲು, ಗೇರ್ ಹಾಕಲು ನಮ್ಮ ಕೈಕಾಲಿನ ಬದಲು ಯಂತ್ರ. ಇರುವುದೊಂದೇ ಕ್ಲಚ್ಚು, ಅದನ್ನು ಬಿಡಿಸಿದಾಗ ಎಳೆತ ನಿಲ್ಲಲೇಬೇಕು. ತಲೆ ಮುಂದಕ್ಕೆ ವಾಲುವುದು ಅದಕ್ಕೇ. ಆ ನಡುವಿನ ಬಿಡುವನ್ನು ಸ್ಪೋರ್ಟ್ ಮೋಡ್ ಪೂರ್ತಿ ಅಳಿಸಲಾರದು, ಗೇರು ಬದಲಾಗುವ ಹೊತ್ತನ್ನು ಮುಂದೂಡಬಲ್ಲದು. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಎರಡು ರಾಟೆ ಒಂದು ಪಟ್ಟಿ. ಅಲ್ಲಿ ಸ್ಪೋರ್ಟ್ ಅಂದರೆ ಸುತ್ತನ್ನು ಎತ್ತರದಲ್ಲಿ ಇಡುವುದು. ಟಾರ್ಕ್ ಕನ್ವರ್ಟರಿನಲ್ಲಿ ಗೇರು ಬೇಗ ಇಳಿಯುತ್ತದೆ, ತಡವಾಗಿ ಏರುತ್ತದೆ. ಎರಡು ಕ್ಲಚ್ಚಿನ ಗೇರ್‌ಬಾಕ್ಸು (2013ರ ಪೋಲೋ ಜಿಟಿ ಟಿಎಸ್‌ಐನಲ್ಲಿ ಬಂದಿತ್ತಲ್ಲ, ಡಿಎಸ್‌ಜಿ ಅಂತ) ಮುಂದಿನ ಗೇರನ್ನು ಮೊದಲೇ ಹಾಕಿಟ್ಟುಕೊಂಡಿರುತ್ತದೆ. ಸ್ಪೋರ್ಟ್ ಮೋಡಿನ ನಿಜವಾದ ಚುರುಕು ಕಾಣುವುದು ಅಂಥದರಲ್ಲಿ. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಗಿರಾಕಿಗೆ ಏನು ತಿಳಿಯಬೇಕು?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಪವಾದಗಳಿವೆ. ಹಲವು ವಿದ್ಯುತ್ ಕಾರುಗಳಲ್ಲಿ ಮಾಮೂಲಿ ಮೋಡಿನಲ್ಲಿ ಮೋಟರಿನ ಶಕ್ತಿಗೆ ಕಡಿವಾಣ ಹಾಕಿ, ಸ್ಪೋರ್ಟಿನಲ್ಲಿ ಮಾತ್ರ ಪೂರ್ತಿ ಬಿಡುತ್ತಾರೆ. ಅಲ್ಲಿ ಗುಂಡಿಗೂ ಶಕ್ತಿಗೂ ನಿಜವಾದ ಸಂಬಂಧ ಉಂಟು. ಆದರೆ ಬೀದಿಯಲ್ಲಿ ಓಡುವ ಪೆಟ್ರೋಲು, ಡೀಸೆಲ್ಲಿನ ಸಾಮಾನ್ಯ ಕಾರುಗಳ ಕತೆ ನಾನು ಮೇಲೆ ಹೇಳಿದ್ದೇ.

ಈಗ ಕೆಲವರು ಹೇಳುತ್ತಾರೆ, "ಖುಷಿ ಕೊಟ್ಟರೆ ಸಾಕಲ್ಲ ಮಾರಾಯ್ರೆ, ನಿಮಗ್ಯಾಕೆ ಹೊಟ್ಟೆನೋವು?" ಅಂತ. ಖುಷಿಗೆ ನನ್ನ ವಿರೋಧವಿಲ್ಲ. ನಾನೂ ಒತ್ತುತ್ತೇನೆ, ನಾನೂ ಖುಷಿಪಡುತ್ತೇನೆ. ಆದರೆ ರಸ್ತೆಯ ಮೇಲೆ ಜೀವದ ತೀರ್ಮಾನಗಳು ಈ ತಪ್ಪು ನಂಬಿಕೆಯ ಮೇಲೆ ನಡೆಯುತ್ತಿವೆ. ಎರಡು ಸಂದರ್ಭ ಹೇಳುತ್ತೇನೆ.

ಒಂದು, ಓವರ್‌ಟೇಕ್. ಎರಡೇ ಪಥದ ರಸ್ತೆ, ಮುಂದೆ ಲಾರಿ. ನೀವು 80ರ ವೇಗಕ್ಕೆ ಏರಿ ದಾಟಬೇಕು, ಎದುರಿನಿಂದ ಬರುವವನದೂ 80 ಅಂತಿಟ್ಟುಕೊಳ್ಳಿ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ 44 ಮೀಟರಿನಂತೆ ಕರಗುತ್ತದೆ. ಡಿ ಮೋಡಿನಲ್ಲಿ ನೀವು ಬಲಕ್ಕೆ ಬಂದು ಪೆಡಲು ಒತ್ತಿದ ಮೇಲೆ ಗುಮಾಸ್ತ ಕನ್ನಡಕ ಹಾಕಿಕೊಂಡು, ಕಡತ ತೆಗೆದು, ಎರಡು ಗೇರು ಇಳಿಸಲು ಒಂದು ಸೆಕೆಂಡ್ ತೆಗೆದುಕೊಂಡರೆ ಹೆಚ್ಚುಕಡಿಮೆ ನಾಲ್ಕು ಬಸ್ಸಿನಷ್ಟು ಉದ್ದದ ಜಾಗ ಹೋಯಿತು. ಲಾರಿಯ ಹಿಂದೆ ಇರುವಾಗಲೇ ಸ್ಪೋರ್ಟಿಗೆ ಹಾಕಿದ್ದರೆ ಗೇರು ಮೊದಲೇ ಇಳಿದು ಕಾದಿರುತ್ತದೆ, ಆ ತಡವೆಲ್ಲ ಎದುರಿನ ಪಥಕ್ಕೆ ಕಾಲಿಡುವ ಮುಂಚೆಯೇ ಮುಗಿದಿರುತ್ತದೆ. ಇದು ಆ ಗುಂಡಿಯ ನಿಜವಾದ ಬೆಲೆ. ಆದರೆ "ಪವರ್ ಡಬಲ್" ಅಂತ ನಂಬಿದವನು ಏನು ಮಾಡುತ್ತಾನೆ? ಡಿಯಲ್ಲಿ ಆಗದ ಓವರ್‌ಟೇಕನ್ನು ಸ್ಪೋರ್ಟಿನಲ್ಲಿ ಮಾಡಬಹುದು ಅಂದುಕೊಳ್ಳುತ್ತಾನೆ. ಅಲ್ಲಿಗೆ ಗುಂಡಿ ಹೋಗಿ ಹೊಂಡ ಆಯಿತು. ಗೇರು ಇಳಿದ ಮೇಲೆ ಎರಡರಲ್ಲೂ ಇರುವುದು ಅದೇ ಎಂಜಿನ್ನು. ಡಿಯಲ್ಲಿ ಧೈರ್ಯ ಸಾಲದ ಜಾಗದಲ್ಲಿ ಎಸ್‌ನಲ್ಲೂ ಸುಮ್ಮನಿರಬೇಕು.

ಎರಡು, ಘಾಟಿ ಇಳಿಯುವುದು. ಬೆಂಗಳೂರಿನಿಂದ ಊರಿಗೆ ಹೋಗುವವರಿಗೆ ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವುದಾದರೊಂದು ತಪ್ಪಿದ್ದಲ್ಲ. ಮ್ಯಾನ್ಯುಯಲ್ ಕಾರಿನ ಕಾಲದಲ್ಲಿ ಅಪ್ಪ, ಮಾವ, ಟ್ಯಾಕ್ಸಿ ಡ್ರೈವರು ಎಲ್ಲರೂ ಒಂದು ಮಾತು ಹೇಳಿಕೊಟ್ಟಿದ್ದರು, "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ" ಅಂತ. ಆಟೋಮ್ಯಾಟಿಕ್ ಬಂದ ಮೇಲೆ ಆ ಮಾತು ಮರೆತುಹೋಯಿತು. ಡಿಯಲ್ಲಿ ಹಾಕಿ, ಕಾಲನ್ನು ಬ್ರೇಕಿನ ಮೇಲಿಟ್ಟು ಕೆಳಗಿನ ತನಕ ಇಳಿಯುವುದು. ಕೆಲವು ಹೊಸ ಕಾರುಗಳು ಇಳಿಜಾರನ್ನು ಗುರುತಿಸಿ ತಾವೇ ಗೇರು ಹಿಡಿಯುತ್ತವೆ. ಉಳಿದವು ಕಾಲು ತೆಗೆದ ಕೂಡಲೇ ಮೇಲಿನ ಗೇರಿಗೆ ಹೋಗಿ ಕಾರನ್ನು ಉರುಳಲು ಬಿಡುತ್ತವೆ. ಜನ, ಸಾಮಾನು ಸೇರಿ 1500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಎಲ್ಲೋ ಹೋಗಬೇಕಾದ ಶಕ್ತಿ ಸುಮಾರು ಎರಡು ಯೂನಿಟ್ ವಿದ್ಯುತ್ತಿನಷ್ಟು. ಗಾಳಿ, ಟಯರು ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತಡೆಯದಿದ್ದರೆ ಅಷ್ಟೂ ಬ್ರೇಕಿನ ಶಾಖವಾಗುತ್ತದೆ. ಎರಡು ಯೂನಿಟ್ಟು ಅಂದರೆ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಎರಡು ಗಂಟೆ ಉರಿಸಿದಷ್ಟು! ಘಾಟಿಯ ಬುಡದಲ್ಲಿ ಸುಟ್ಟ ವಾಸನೆ ಬರುವ ಕಾರುಗಳು ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಳಗೆ ಕೂತ ಮಕ್ಕಳು ಕಿಟಕಿಯಿಂದ ಇಣುಕುತ್ತಿರುತ್ತಾರೆ. ಬ್ರೇಕು ಬಿಸಿಯಾಗಿ ಹಿಡಿಯುವುದು ಕಡಿಮೆಯಾದರೆ ಮುಂದಿನ ತಿರುವಿನಲ್ಲಿ ಏನಾಗಬಹುದು ಅಂತ ಆ ಅಪ್ಪನಿಗೆ ಯಾರೂ ಹೇಳಿಲ್ಲ.

ವಿಪರ್ಯಾಸ ನೋಡಿ. ಅವನ ಕೈಗೆಟುಕುವ ದೂರದಲ್ಲೇ ಪರಿಹಾರ ಇದೆ, ಅದೇ ಸ್ಪೋರ್ಟ್ ಗುಂಡಿ, ಇಲ್ಲವೇ ಮ್ಯಾನ್ಯುಯಲ್ ಮೋಡ್. ಒತ್ತಿದರೆ ಕೆಳಗಿನ ಗೇರು ನಿಲ್ಲುತ್ತದೆ, ಎಂಜಿನ್ ಕಾರನ್ನು ಹಿಡಿದೆಳೆಯುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಆದರೆ ಅವನು ಒತ್ತುವುದಿಲ್ಲ. ಯಾಕೆಂದರೆ ಅದರ ಮೇಲೆ 'ಸ್ಪೋರ್ಟ್' ಅಂತ ಬರೆದಿದೆ! "ಹೆಂಡತಿ ಮಕ್ಕಳಿದ್ದಾರೆ, ಘಾಟಿಯಲ್ಲಿ ಸ್ಪೋರ್ಟ್ ಯಾಕೆ" ಅಂತ ಜವಾಬ್ದಾರಿಯಿಂದಲೇ ಬಿಟ್ಟುಬಿಡುತ್ತಾನೆ. ಖಾಲಿ ಹೈವೇಯಲ್ಲಿ, ಬೇಡದ ಕಡೆ ಒತ್ತುತ್ತಾನೆ. ಬೇಕಾದ ಕಡೆ ಬಿಡುತ್ತಾನೆ. ಒಂದು ತಪ್ಪು ಹೆಸರು ಇಷ್ಟು ಕೆಲಸ ಮಾಡುತ್ತದೆ.

ಹ್ಞಾಂ, ಮಳೆಗಾಲದ ಎಚ್ಚರಿಕೆಯೂ ಬೇಕು. ಸ್ಪೋರ್ಟಿನಲ್ಲಿ ಪೆಡಲು ಚುರುಕಾಗಿರುವುದರಿಂದ ಒದ್ದೆ ರಸ್ತೆಯಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ಚಕ್ರ ಜಾರಬಹುದು. ತಿರುವಿನ ಮಧ್ಯದಲ್ಲಿ ಗೇರು ಧಡಕ್ಕನೆ ಇಳಿದರೂ ಹಾಗೆಯೇ. ಗುಂಡಿ ಒತ್ತುವುದಿದ್ದರೆ ಇಳಿಜಾರು ಶುರುವಾಗುವ ಮೊದಲೇ, ನೇರ ರಸ್ತೆಯಲ್ಲೇ ಒತ್ತಿ. ಊರೊಳಗಿನ ಟ್ರಾಫಿಕ್ಕಿನಲ್ಲಂತೂ ಒತ್ತಲೇಬೇಡಿ, ಕುಲುಕಾಟ ಬಿಟ್ಟಿ, ಪೆಟ್ರೋಲಿಗೆ ಮಾತ್ರ ದುಡ್ಡು.

ಇನ್ನೊಂದು ಗುಂಪು ಇದೆ. "ನಿಜವಾದ ಡ್ರೈವರಿಗೆ ಮ್ಯಾನ್ಯುಯಲ್ಲೇ ಸರಿ, ಆಟೋಮ್ಯಾಟಿಕ್ ಎಲ್ಲ ಸೋಮಾರಿಗಳಿಗೆ" ಅನ್ನುವವರು. ಅವರನ್ನು ಸೋಮವಾರ ಬೆಳಿಗ್ಗೆ ಸಿಲ್ಕ್ ಬೋರ್ಡಿನಲ್ಲಿ ಎಡಗಾಲಿನ ಮಂಡಿ ಸಮೇತ ನಿಲ್ಲಿಸಿ ಮಾತಾಡಿಸಬೇಕು :-) ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ಪೂರ್ತಿ ಸ್ವಯಂಚಾಲಿತ ಗೇರ್ ಬಂದದ್ದು 1940ರ ಮಾದರಿಯಲ್ಲಿ. ಎಂಬತ್ತೈದು ವರ್ಷ ದಾಟಿದ ತಂತ್ರಜ್ಞಾನಕ್ಕೆ ಈಗಲೂ ಮೂಗು ಮುರಿಯುವುದು ಬೇಡ. ತೊಂದರೆ ಗೇರ್‌ಬಾಕ್ಸಿನಲ್ಲಿಲ್ಲ. ಗೇರು ಹಾಕುವ ವಿದ್ಯೆ ನಮ್ಮ ಕೈಯಿಂದ ಹೋಯಿತು, ಅದರ ಜಾಗದಲ್ಲಿ ಯಾರೂ ಹೊಸ ವಿದ್ಯೆ ಕೊಡಲಿಲ್ಲ, ಒಂದು ಹೊಳೆಯುವ ಪದ ಕೊಟ್ಟರು. ತೊಂದರೆ ಅಲ್ಲಿದೆ.

ನನ್ನ ಕಾರಿನ ಕೈಪಿಡಿಯಲ್ಲಿ ಬ್ಲೂಟೂತ್ ಜೋಡಿಸಲು ಪುಟಗಟ್ಟಲೆ ವಿವರಣೆ ಇದೆ, ಈ ಗುಂಡಿಗೆ ಎರಡು ಸಾಲು. ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ನನ್ನ ಬೇಡಿಕೆ ಮೂರು. ಒಂದು, ಗುಂಡಿ ಒತ್ತಿದರೆ ಪೆಡಲು, ಗೇರು, ಸ್ಟೀರಿಂಗು, ಶಬ್ದ, ಇವುಗಳಲ್ಲಿ ಯಾವುದು ಬದಲಾಗುತ್ತದೆ, ಯಾವುದು ಇಲ್ಲ ಅಂತ ಒಂದು ಚಿಕ್ಕ ಪಟ್ಟಿ ಕೊಡಿ. ಎರಡು, "ಗರಿಷ್ಠ ಶಕ್ತಿ ಬದಲಾಗುವುದಿಲ್ಲ" ಅಂತ ಇದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಮೂರು, ಇದನ್ನು ಕನ್ನಡದಲ್ಲಿ ಬರೆಯಿರಿ. ಘಾಟಿ ಇಳಿಯುವವರು ನಾವು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ನಿಘಂಟು ತೆಗೆದು ನೋಡಲಾಗುವುದಿಲ್ಲ.

ಅವರು ಕೊಡುವ ತನಕ ನಾವೇ ಹೇಳಿಕೊಳ್ಳಬೇಕು. ಆಟೋಮ್ಯಾಟಿಕ್ ಕಾರು ಕೊಂಡ ನಿಮ್ಮ ಅಕ್ಕ, ಭಾವ, ಆಫೀಸಿನ ಗೆಳೆಯ, ಯಾರಾದರೂ ಈ ಸಲ ಊರಿಗೆ ಹೊರಟರೆ, "ಇಳಿಯುವಾಗ ಗೇರು ಹಿಡಿದಿಟ್ಟುಕೊಳ್ಳಿ, ಎಸ್ ಇಲ್ಲವೇ ಎಂ ಹಾಕಿ" ಅಂತ ಒಂದು ಮಾತು ಹೇಳಿ. ನಿಮ್ಮ ನಿಮ್ಮ ಕಾರಿನಲ್ಲಿ ಆ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ಗಮನಿಸಿ ಬರೆಯಿರಿ, ಎಎಂಟಿಯವರು, ಸಿವಿಟಿಯವರು, ಎಲ್ಲರೂ. ಕಂಪನಿಯವರು ಮಾಡದ ಕನ್ನಡ ಕೈಪಿಡಿಯನ್ನು ನಾವೇ ಸೇರಿ ಮಾಡಿಬಿಡೋಣ.

ಏನಂತೀರಿ?